ಐದು ಮನೆಯ ಹಿಟ್ಟು

ದುರುಗವ್ವ ಒಲೆ ಬೇರೆ ಹೂಡಿದ್ದು ಒಂದು ಮಂಗಳವಾರ, ಮಟಮಟ ಮಧ್ಯಾಹ್ನ. ಹಿತ್ತಿಲ ಬಚ್ಚಲಿನ ಪಕ್ಕ ಮೂರು ಕಲ್ಲಿಟ್ಟು, ಮೇಲೆ ಹಂಚಿಟ್ಟು, ಯಾರ ಜೊತೆಗೂ ಒಂದು ಮಾತಾಡದೆ ರೊಟ್ಟಿ ಬಡಿಯತೊಡಗಿದಳು. ಅಡುಗೆಮನೆಯಲ್ಲಿ ಗ್ಯಾಸಿತ್ತು, ಸೊಸೆ ಮಾಡಿಟ್ಟ ಪುಂಡಿ ಪಲ್ಯ ಇತ್ತು, ಬುಟ್ಟಿ ತುಂಬ ರೊಟ್ಟಿ ಇದ್ದವು. ಮುದುಕಿ ಅವುಗಳ ಕಡೆ ತಿರುಗಿಯೂ ನೋಡಲಿಲ್ಲ.

"ಅತ್ತಿ, ಯಾಕ್ರಿ ಇದು? ಓಣಿ ಮಂದಿ ನೋಡಿದ್ರ ಏನಂತಾರ?" ಸೊಸೆ ತಾಯಕ್ಕ ಹಿತ್ತಿಲ ಬಾಗಿಲಲ್ಲಿ ನಿಂತು ಕೇಳಿದಳು.

"ಓಣಿ ಮಂದಿ ನೋಡಿ ಆಗೈತಿ. ಕಾಲೇಜಿನ ಮಂದೀನೂ ನಕ್ಕು ಆಗೈತಿ. ಭಿಕ್ಷಾ ಬೇಡಾಕಿ ಕೂಡ ನೀವ್ಯಾಕ ಉಣ್ತೀರಿ?"

ಆಗಷ್ಟೇ ಕಾಲೇಜಿನಿಂದ ಬಂದು ಚೀಲ ಇಳಿಸುತ್ತಿದ್ದ ಮೊಮ್ಮಗಳು ದೇವಿಕಾ ಅದನ್ನು ಕೇಳಿಸಿಕೊಂಡಳು. ಯಾವ ನಗು, ಯಾವ ಮಾತು ಎಂದು ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಹೊಸಪೇಟೆಯ ಚಿತ್ತವಾಡ್ಗಿಯಲ್ಲಿದ್ದ ಆ ಮನೆಯಲ್ಲಿ ದೇವಿಕಾಳ ಜೀವಕ್ಕೆ ಇಬ್ಬರು ವಾರಸುದಾರರು. ಮೂರು ವರ್ಷದ ಕೂಸಾಗಿದ್ದಾಗ ಅವಳಿಗೆ ದಡಾರ ಎದ್ದು, ಜ್ವರ ನೆತ್ತಿಗೇರಿ, ಬಳ್ಳಾರಿಯ ಆಸ್ಪತ್ರೆಯೊಂದರಲ್ಲಿ ಡಾಕ್ಟರೇ ಕೈಚೆಲ್ಲಿದ್ದರು. ಅಜ್ಜಿ ದುರುಗವ್ವ ಹುಲಿಗಿಗೆ ಓಡಿದಳು. ಕೂಸು ಉಳಿದರೆ ತಾನು ಬದುಕಿರುವ ತನಕ ಪ್ರತಿ ಮಂಗಳವಾರ ಪಡಲಗಿ, ಅಂದರೆ ದೇವಿಯ ಹೆಸರಿನ ಬಿದಿರು ಬುಟ್ಟಿ, ಹಿಡಿದು ಐದು ಮನೆ ಬೇಡುತ್ತೇನೆ ಎಂದು ಹುಲಿಗೆಮ್ಮನಿಗೆ ಹರಕೆ ಹೊತ್ತಳು. ಇತ್ತ ತಾಯಿ ತಾಯಕ್ಕ ಆಸ್ಪತ್ರೆಯ ನರ್ಸಮ್ಮನ ಜೊತೆ ಮಂಚದ ಪಕ್ಕ ಮೊಣಕಾಲೂರಿ ಯೇಸುವಿನ ಹೆಸರು ಹಿಡಿದು ಅತ್ತಳು. ಕೂಸು ಕಣ್ಣು ಬಿಟ್ಟು ನೀರು ಕೇಳಿತು. ಅಲ್ಲಿಂದೀಚೆಗೆ ಸೊಸೆ ಚರ್ಚಿಗೆ ಹೋದರೆ ಅತ್ತೆ ಹುಲಿಗಿಗೆ. ತಾಯಕ್ಕ ವರ್ಷಕ್ಕೊಮ್ಮೆ ಮಗಳ ಹುಟ್ಟುಹಬ್ಬದ ಭಾನುವಾರ ಚರ್ಚಿನಲ್ಲಿ ಎದ್ದು ನಿಂತು ಆ ಜ್ವರದ ಕಥೆಯನ್ನು ಸಾಕ್ಷಿ ಹೇಳಿ ಕಣ್ಣೀರು ತರುತ್ತಿದ್ದಳು. ಗಂಡ ಗಾಳೆಪ್ಪ ಯಶವಂತನಗರದ ಗಣಿ ಕಂಪನಿಯ ಬಸ್ಸಿಗೆ ಡ್ರೈವರ್. ಕ್ರಿಸ್ಮಸ್ಸಿಗೆ ಕೇಕೂ ತಿನ್ನುತ್ತಿದ್ದ, ಹುಣ್ಣಿಮೆಗೆ ಹೋಳಿಗೆಯೂ ತಿನ್ನುತ್ತಿದ್ದ, ಎರಡಕ್ಕೂ ತುಪ್ಪ ಕಡಿಮೆಯಾಯಿತು ಎನ್ನುತ್ತಿದ್ದ.

ಈಗ ದೇವಿಕಾ ಬಿ.ಎ. ಕೊನೆಯ ವರ್ಷ. ಕಾಲೇಜಿನಲ್ಲಿ ಕ್ರೈಸ್ತ ವಿದ್ಯಾರ್ಥಿ ಬಳಗ ಎಂದು ಒಂದಿತ್ತು. ಮೊದಲೆಲ್ಲ ಹತ್ತು ಹನ್ನೆರಡು ಮಂದಿ ಸೇರಿ, ಹಾಡು ಹೇಳಿ, ಪ್ರಾರ್ಥನೆ ಮಾಡಿ, ಮಂಡಕ್ಕಿ ತಿಂದು ಎದ್ದು ಹೋಗುವ ಕೂಟ. ಆ ಜೂನ್‌ನಲ್ಲಿ ದೇವಿಕಾಳನ್ನು ನಾಯಕಿಯನ್ನಾಗಿ ಆರಿಸಿದರು. ಹುಡುಗಿಯೊಬ್ಬಳಿಗೆ ಆ ಜಾಗ ಸಿಕ್ಕಿದ್ದು ಅದೇ ಮೊದಲು.

"ನಮ್ಮೊಳಗ ನಾವ ಹಾಡ್ಕೊಂತ ಕುಂತ್ರ ಏನು ಬಂತು? ಯಾಕ ನಂಬೀರಿ ಅಂತ ಕೇಳಿದವ್ರಿಗೆ ಉತ್ತರ ಕೊಡಾಕ ಬರಬೇಕು," ಎಂದು ಅವಳು ಹದಿನೈದು ದಿನಕ್ಕೊಮ್ಮೆ ಶುಕ್ರವಾರ ಸಂಜೆ ಬಹಿರಂಗ ಸಭೆ ಶುರು ಮಾಡಿದಳು. ಯಾರು ಬೇಕಾದರೂ ಬರಬಹುದು, ಏನು ಬೇಕಾದರೂ ಕೇಳಬಹುದು, ಯಾರ ಪ್ರಶ್ನೆಯನ್ನೂ ತಡೆಯುವ ಹಾಗಿಲ್ಲ. ದೇವರು ಒಬ್ಬನೇ ಆದರೆ ಇಷ್ಟು ಧರ್ಮ ಯಾಕೆ, ಅವನು ಒಳ್ಳೆಯವನಾದರೆ ಗುಡ್ಡ ಕುಸಿದು ಕೂಲಿಯವರು ಯಾಕೆ ಸಾಯುತ್ತಾರೆ, ಸತ್ತವನು ಎದ್ದು ಬಂದದ್ದನ್ನು ನೋಡಿದವರು ಯಾರು? ದೇವಿಕಾ ಓದಿಕೊಂಡು ಬಂದು ಉತ್ತರಿಸುತ್ತಿದ್ದಳು. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ, ಮುಂದಿನ ಸಭೆಗೆ ಹೇಳುತ್ತೇನೆ ಎನ್ನುತ್ತಿದ್ದಳು. ಹುಡುಗರು ಜೇನಿನ ಹಾಗೆ ಮುತ್ತಿಕೊಂಡರು. ಕಾಲೇಜಿನ ಕೊನೆಯ ಕೋಣೆ ಸಾಲದೆ ಕಿಟಕಿಯಲ್ಲೂ ತಲೆಗಳು ಕಾಣಿಸತೊಡಗಿದವು.

ಕಳೆದ ಶುಕ್ರವಾರ ದೇವಿಕಾ ತನ್ನ ಜ್ವರದ ಸಾಕ್ಷಿ ಹೇಳಿದ್ದಳು. ಪ್ರಾರ್ಥನೆಗೆ ಉತ್ತರ ಸಿಕ್ಕಿದ್ದಕ್ಕೆ ನಾನೇ ಪುರಾವೆ ಎಂದು ಎದೆ ಮುಟ್ಟಿಕೊಂಡಿದ್ದಳು. ಆಗ ಎದ್ದವನು ಸಿದ್ದಲಿಂಗೇಶ್. ಅದೇ ಓಣಿಯ ಕಿರಾಣಿ ಅಂಗಡಿಯವರ ಮಗ, ಅವಳದೇ ತರಗತಿ.

"ದುರುಗಜ್ಜಿ ಪ್ರತಿ ಮಂಗಳವಾರ ನಮ್ಮ ಮನಿಗೂ ಪಡಲಗಿ ತರ್ತಾಳ. ಹುಲಿಗೆಮ್ಮನ ನಿನ್ನ ಉಳಿಸಿದ್ದು ಅಂತಾಳ. ಜ್ವರ ಒಂದ, ಕೂಸು ಒಂದ. ನಿಮ್ಮವ್ವನ ಮಾತು ಖರೇ, ಅಜ್ಜಿ ಮಾತು ಸುಳ್ಳು ಅಂತ ಹೆಂಗ ಹೇಳ್ತಿ?"

ಒಳ್ಳೆಯ ಪ್ರಶ್ನೆ. ಒಳ್ಳೆಯ ಪ್ರಶ್ನೆಗೆ ಉತ್ತರ ಇಲ್ಲದಾಗ ಬಾಯಿಗೆ ಕುಚೋದ್ಯ ಬರುತ್ತದೆ. ಕಿಟಕಿಯ ತಲೆಗಳೆಲ್ಲ ತನ್ನನ್ನೇ ನೋಡುತ್ತಿದ್ದದ್ದು ಕಂಡು ದೇವಿಕಾ ಅಂದುಬಿಟ್ಟಳು: "ಐದು ಮನಿ ಹಿಟ್ಟು ಬೇಡಿದ್ರ ಜ್ವರ ಬಿಡ್ತಿತ್ತು ಅಂದ್ರ, ಬಳ್ಳಾರ್ಯಾಗ ಆಸ್ಪತ್ರಿ ಯಾಕ ಬೇಕಿತ್ತು? ಒಂದು ಹಿಟ್ಟಿನ ಗಿರಣಿ ಹಾಕಿದ್ರ ಸಾಕಿತ್ತು!"

ಕೋಣೆ ಹಾರಿಹೋಗುವಂತೆ ನಕ್ಕಿತು. ಚಪ್ಪಾಳೆಯೂ ಬಿತ್ತು. ಸಿದ್ದಲಿಂಗೇಶ್ ಕೂಡ ನಕ್ಕು ಕೂತ. ಮನೆಗೆ ಹೋಗಿ ಊಟಕ್ಕೆ ಕೂತಾಗ ಅದನ್ನು ತಾಯಿ ಶೈಲಜಮ್ಮನಿಗೆ ಹೇಳಿದ. ಶೈಲಜಮ್ಮ ಮಂಗಳವಾರ ಪಡಲಗಿಗೆ ಹಿಟ್ಟು ನೀಡುವಾಗ, "ಏನ್ ದುರುಗವ್ವ, ನಿಮ್ಮ ಮೊಮ್ಮಗಳು ಗಿರಣಿ ಹಾಕ್ಸಾಕಿ ಅಂತಲ್ಲ?" ಎಂದಳು. ಅವಳು ತಮಾಷೆಗೇ ಅಂದದ್ದು.

ಆ ರಾತ್ರಿ ಊಟಕ್ಕೆ ಮೂರೇ ತಟ್ಟೆ. ಗಾಳೆಪ್ಪ ಡ್ಯೂಟಿಯಿಂದ ಬಂದು, ಮೈಮೇಲಿನ ಕೆಂಪು ಧೂಳು ತೊಳೆದುಕೊಂಡು ಕೂತವನು ಹಿತ್ತಿಲ ಕಡೆ ನೋಡಿದ.

"ಅವ್ವ, ಬಾ. ನೀ ಉಣ್ಣಲಾರದ ನನಗ ತುತ್ತು ಇಳಿಯಂಗಿಲ್ಲ."

"ನಂದು ಆತು," ಎಂದಿತು ಹಿತ್ತಿಲು.

"ದೇವಿಕಾ ಅಂದದ್ರಾಗ ತಪ್ಪೇನೈತಿ?" ತಾಯಕ್ಕ ದನಿ ತಗ್ಗಿಸಲಿಲ್ಲ. "ಇದ್ದದ್ದು ಇದ್ದಂಗ ಅಂದಾಳ. ಉಳಿಸಿದ್ದು ಯಾರಂತ ನನಗ ಗೊತ್ತೈತಿ. ನಾನು ಆ ಮಂಚದ ಬಾಜೂಕ ಇದ್ದೆ."

"ನಾನು ಹುಲಿಗ್ಯಾಗ ಇದ್ದೆ! ಉಪಾಸ, ಒದ್ದಿ ಬಟ್ಟಿ ಮ್ಯಾಲೆ!" ಹಿತ್ತಿಲು ಗುಡುಗಿತು.

ಗಾಳೆಪ್ಪ ರೊಟ್ಟಿ ಮುರಿಯುತ್ತ, "ಆ ರಾತ್ರಿ ಡಾಕ್ಟರ್ ಸೂಜಿ ಮ್ಯಾಲೆ ಸೂಜಿ ಹಾಕ್ಯಾನ. ನಾನು ಔಷಧಿ ಅಂಗಡಿಗೆ ಓಡಿ ಓಡಿ ಚಪ್ಲಿ ಹರದೀನಿ. ಅದನ್ನ ಮಾತ್ರ ಈ ಮನ್ಯಾಗ ಯಾರೂ ಹೇಳಂಗಿಲ್ಲ," ಎಂದ.

ಇಬ್ಬರು ಹೆಂಗಸರೂ ಒಂದೇ ಸಲ ಅವನನ್ನು ಬೈದರು. ಅತ್ತೆ ಸೊಸೆ ಒಂದಾದದ್ದು ಆ ವಾರದಲ್ಲಿ ಅಷ್ಟಕ್ಕೇ. ದೇವಿಕಾಳಿಗೆ ನಗು ಬರಲಿಲ್ಲ. ಗಿರಣಿಯ ಮಾತು ಅಜ್ಜಿಯ ಹರಕೆಗೆ ತಾಕಿದಷ್ಟೇ ಅವ್ವನ ಪ್ರಾರ್ಥನೆಗೂ ತಾಕುತ್ತದೆ ಎಂದು ಅವಳಿಗೆ ಅಂದೇ, ಚಪ್ಪಾಳೆಯ ನಡುವೆಯೇ ಹೊಳೆದಿತ್ತು. ಮೊಣಕಾಲೂರಿದರೆ ಜ್ವರ ಬಿಡುತ್ತದೆ ಎಂದರೂ ಆಸ್ಪತ್ರೆ ಯಾಕೆ ಬೇಕಿತ್ತು? ನಗೆಯಲ್ಲಿ ಅದನ್ನು ಯಾರೂ ಕೇಳಲಿಲ್ಲ ಅಷ್ಟೇ.

ಎರಡು ದಿನ ಬಿಟ್ಟು ಪಾಸ್ಟರ್ ಜಂಬಪ್ಪ ಮನೆಗೆ ಬಂದರು. ಬಂಡ್ರಿ ಕಡೆಯವರು, ಬಳಗಕ್ಕೆ ಹಿರಿಯರಾಗಿ ದಾರಿ ತೋರಿಸುವವರು. ಹೆಸರು ಯಾಕೆ ಬದಲಿಸಿಲ್ಲ ಎಂದು ಕೇಳಿದರೆ, ಹೆಸರು ಅಪ್ಪ ಇಟ್ಟದ್ದು, ನಂಬಿಕೆ ನಾನು ಹಿಡಿದದ್ದು ಎನ್ನುವ ಮನುಷ್ಯ. ತಾಯಕ್ಕ ಕೊಟ್ಟ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿನ್ನುತ್ತ ಭಾಳ ಖುಷಿಯಲ್ಲಿದ್ದರು.

"ಡಿಸೆಂಬರ್‌ದಾಗ ಸಂಡೂರಾಗ ವಿದ್ಯಾರ್ಥಿ ಶಿಬಿರ ಐತಿ. ಕಂಪ್ಲಿ, ಬಳ್ಳಾರಿ ಎಲ್ಲಾ ಕಡಿಯಿಂದ ಹುಡುಗ್ರು ಬರ್ತಾರ. ನೀನ ಮಾತಾಡಬೇಕಮ್ಮ. ಆ ಸಾಕ್ಷಿ, ಆ ಗಿರಣಿ ಮಾತು, ಎರಡೂ ಹಂಗ ಹೇಳು. ಮಸ್ತ್ ಕುಂತೈತಿ."

ಹಿತ್ತಿಲಲ್ಲಿ ಪಾತ್ರೆಯೊಂದು ದಬಕ್ಕನೆ ಬಿತ್ತು. ಬಿತ್ತೋ ಎಸೆದದ್ದೋ, ಪಾಸ್ಟರ್ ಆ ಕಡೆ ನೋಡಲಿಲ್ಲ. ದೇವಿಕಾ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಮುಂದಿನ ಮಂಗಳವಾರ ಅವಳು ಕಾಲೇಜಿಗೆ ಹೋಗಲಿಲ್ಲ. ಹಣೆ ತುಂಬ ಭಂಡಾರದ ಅರಿಶಿನ ಹಚ್ಚಿ, ಪಡಲಗಿ ಸೊಂಟಕ್ಕಿಟ್ಟು ಅಜ್ಜಿ ಹೊರಟಾಗ ಹಿಂದೆ ಹಿಂದೆ ನಡೆದಳು. ಬ್ಯಾಡ ಎಂದು ಅಜ್ಜಿ ಹೇಳಲಿಲ್ಲ, ಬಾ ಎಂದೂ ಹೇಳಲಿಲ್ಲ. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ಅಜ್ಜಿ ಬೇಡುವುದನ್ನು ದೇವಿಕಾ ಒಮ್ಮೆಯೂ ಕಣ್ಣಿಂದ ಕಂಡಿರಲಿಲ್ಲ. ಅವ್ವ ಬಿಟ್ಟಿರಲಿಲ್ಲ, ಆಮೇಲೆ ತನಗೇ ನಾಚಿಕೆಯಾಗುತ್ತಿತ್ತು.

ಮೊದಲ ಮನೆಯ ಮೆಟ್ಟಿಲ ಕೆಳಗೆ ನಿಂತು ಮುದುಕಿ ಕೂಗಿದಳು: "ಹುಲಿಗೆಮ್ಮನ ಪಡಲಗಿ ಬಂದೈತ್ರವ್ವ! ನನ್ನ ದೇವಿಕಾನ ಜೀವ ಕಾಯ್ದ ತಾಯಿಗೆ ಒಂದು ಹಿಡಿ ಹಿಟ್ಟು ನೀಡ್ರಿ!"

ಎರಡನೆಯ ಮನೆಯಲ್ಲೂ ಅದೇ ಕೂಗು, ಅದೇ ಹೆಸರು. ಶೈಲಜಮ್ಮನ ಮನೆಗೆ ಆ ವಾರ ಹೋಗಲಿಲ್ಲ. ಮುಖ್ಯರಸ್ತೆ ದಾಟುವಾಗ ಅದಿರಿನ ಟಿಪ್ಪರ್‌ಗಳ ಸಾಲು ಮುಗಿಯಲೇ ಇಲ್ಲ. ಅಜ್ಜಿ ಹಿಟ್ಟಿನ ಮೇಲೆ ಸೆರಗು ಮುಚ್ಚಿ, ಕೆಂಪು ಧೂಳನ್ನು ತಾನು ನುಂಗುತ್ತ ನಿಂತಳು. ಲಾರಿ ದುಡ್ಡಿನಲ್ಲಿ ಹೊಸದಾಗಿ ಎದ್ದ ಮಹಡಿ ಮನೆಯೊಂದರ ಗೇಟಿನ ಮುಂದೆ ಎರಡು ಸಲ ಕೂಗಿದಳು. ಒಳಗೆ ಮೊಬೈಲ್ ಹಿಡಿದು ಅಡ್ಡಾಡುತ್ತಿದ್ದ ಗಂಡಸು ಕೈಯಲ್ಲೇ ಮುಂದೆ ಹೋಗು ಎಂದ, ನಾಯಿಗೆ ಮಾಡುವ ಹಾಗೆ. ಅಜ್ಜಿ ಕೈ ಮುಗಿದು ಮುಂದಕ್ಕೆ ಹೋದಳು. ಐದು ತುಂಬುವ ತನಕ ನಡೆಯಲೇಬೇಕು.

ದೇವಿಕಾಳಿಗೆ ತಡೆಯಲಾಗಲಿಲ್ಲ. "ಅಜ್ಜಿ, ಇಂಥವರ ಬಾಗಲಕ ಯಾಕ ಹೋಗ್ತಿ? ಬ್ಯಾರೆ ಏನರ ಹರಕಿ ಹೊರಬಾರದಿತ್ತೇನು? ತೆಂಗಿನಕಾಯಿ, ಸೀರಿ?"

ದುರುಗವ್ವ ಅಷ್ಟು ದಿನಗಳಲ್ಲಿ ಮೊದಲ ಸಲ ಅವಳ ಮುಖ ನೋಡಿದಳು. "ನಮ್ಮೂರು ಚೋರನೂರಾಗ ಬಾಗಲಕ ಬಂದವ್ರಿಗೆಲ್ಲಾ ಮೊರದ ತುಂಬ ಜ್ವಾಳ ನೀಡಿದಾಕಿ ನಾನು. ಕೈ ಒಡ್ಡೂದಂದ್ರ ಸತ್ತಂಗ ಆಗತಿತ್ತು ನನಗ. ಅದಕ್ಕ ಅದನ್ನ ಹೊತ್ತೆ. ಕೈಲಿ ಆಗೂದನ್ನ ಕೊಟ್ರ ಅದು ಹರಕಿ ಹೆಂಗ ಆಗತೈತಿ?"

"ತಪ್ಪಾತು ಅಜ್ಜಿ."

"ಇಲ್ಲಿ ಅಂದ್ರ ಏನು ಬಂತು? ನಗಿಸಿದ್ದು ಅಲ್ಲಿ."

ಅಷ್ಟು ಹೇಳಿ ಮುದುಕಿ ಮುಂದಿನ ಬಾಗಿಲಿಗೆ ನಡೆದು, ಮತ್ತೆ ಅದೇ ಹೆಸರು ಕೂಗಿದಳು. ಈ ಓಣಿಗಳಲ್ಲಿ ತನ್ನ ಹೆಸರು ತಾನು ಶಾಲೆಗೆ ಸೇರುವ ಮೊದಲಿನಿಂದ ಹೀಗೆ ಕೂಗಿಸಿಕೊಳ್ಳುತ್ತಿದೆ ಎಂದು ದೇವಿಕಾಳಿಗೆ ಆಗ ಗೊತ್ತಾಯಿತು. ಅವಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ತನ್ನ ಮೇಲೆ ಸಿಟ್ಟು ಬಂತು. ಮನೆ ತಲುಪುವಷ್ಟರಲ್ಲಿ ಏನು ಮಾಡಬೇಕೆಂದು ನಿಶ್ಚಯಿಸಿದ್ದಳು.

ಸಂಜೆ ಅಕ್ಕಿ ಆರಿಸುತ್ತಿದ್ದ ತಾಯಿಯ ಮುಂದೆ ಕೂತು ಹೇಳಿದಳು. "ಅವ್ವ, ಶುಕ್ರವಾರ ಸಭಾದಾಗ ಆ ಮಾತು ವಾಪಸ್ ತಗೊಂತೀನಿ. ಇನ್ನ ಮ್ಯಾಲೆ ಆ ಜ್ವರಾನ ಪುರಾವೆ ಅಂತ ಎಲ್ಲೂ ಹೇಳಂಗಿಲ್ಲ. ಸಂಡೂರಾಗೂ ಇಲ್ಲ."

ತಾಯಕ್ಕನ ಕೈ ಮೊರದಲ್ಲೇ ನಿಂತಿತು. "ಹಂಗಾದ್ರ ನನ್ನ ಪ್ರಾರ್ಥನಿ ಸುಳ್ಳೇನು?"

"ಸುಳ್ಳಂತ ಯಾರಂದ್ರು? ನಾನೂ ನಂಬ್ತೀನಿ. ಆದ್ರ ಸಿದ್ದಲಿಂಗೇಶ ಕೇಳಿದ್ದಕ್ಕ ನನ್ನ ಹತ್ರ ಉತ್ತರ ಇಲ್ಲ. ಇಬ್ಬರು ಅತ್ತೀರಿ, ಕೂಸು ಉಳಿದೈತಿ. ಅದ್ರಿಂದ ಒಬ್ಬರನ್ನ ಗೆಲ್ಸಿ ಒಬ್ಬರನ್ನ ಸೋಲ್ಸಾಕ ಬರಂಗಿಲ್ಲ."

"ಊರ ಮುಂದ 'ನಮ್ಮವ್ವಗ ತಿಳಿಯಂಗಿಲ್ಲ' ಅಂತಿಯಲ್ಲ! ಆ ಮುದುಕಿ ತಲಿ ಕೆಡಿಸ್ಯಾಳ ನಿಂದು."

"ಕೆಟ್ಟಿದ್ದ ತಲಿ ಈಗ ನೆಟ್ಟಗಾಗೈತಿ."

ತಾಯಕ್ಕ ಮೊರ ಎತ್ತಿ ಅಕ್ಕಿಯನ್ನೆಲ್ಲ ಡಬ್ಬಿಗೆ ಸುರಿದು, ಕಲ್ಲು ಸಮೇತ, ಎದ್ದು ಹೋದಳು. ಅಲ್ಲಿಗೆ ಮನೆಯಲ್ಲಿ ಇಬ್ಬರು ಮಾತು ಬಿಟ್ಟಂತಾಯಿತು. ಗಾಳೆಪ್ಪ ಮೂರು ದಿನ ಕಲ್ಲು ಸಿಕ್ಕ ಅನ್ನ ಉಂಡ. ಯಾರಿಗೆ ಹೇಳುವುದು ಎಂದು ತಿಳಿಯದೆ ತಟ್ಟೆಯ ಅಂಚಿಗೆ ಕಲ್ಲು ಜೋಡಿಸಿಟ್ಟು ಏಳುತ್ತಿದ್ದ.

ಬಳಗದ ಹುಡುಗರಿಗೂ ಸುದ್ದಿ ಮುಟ್ಟಿತು. ಗುರುವಾರ ಕಾಲೇಜಿನ ಬೇವಿನ ಮರದ ಕೆಳಗೆ ಪಾಸ್ಟರ್ ಜಂಬಪ್ಪನವರೇ ಬಂದು ಕೂತಿದ್ದರು. ಸುತ್ತ ಬಳಗದ ನಾಲ್ಕಾರು ಮಂದಿ.

"ಕೆಡವಿದ ಹಳೇ ನಂಬಿಕಿನ್ನ ಮತ್ತ ಎಬ್ಬಿಸಿ ನಿಲ್ಲಿಸ್ತಿಯೇನಮ್ಮ?" ಎಂದರು ಅವರು, ಸಿಟ್ಟಿನಿಂದಲ್ಲ, ಸಂಕಟದಿಂದ. "ನೀ ಒಂದು ಹೆಜ್ಜಿ ಹಿಂದಕ್ಕ ಇಟ್ರ ಈ ಹುಡುಗ್ರು ಹತ್ತು ಹೆಜ್ಜಿ ಹಿಂದಕ್ಕ ಹೋಗ್ತಾರ."

"ನಂಬಿಕಿಯಿಂದ ಹಿಂದಕ್ಕ ಹೋಗಾಕತ್ತಿಲ್ರಿ ಪಾಸ್ಟರ್. ಸೋತ ವಾದದಿಂದ ಹೊಂಟೀನಿ. ಪ್ರಶ್ನಿಗೆ ಉತ್ತರ ಕೊಡ್ರಿ ಅಂತ ನೀವ ಕಲಿಸಿದ್ರಿ. ನಾನು ಉತ್ತರ ಕೊಟ್ಟಿಲ್ಲ, ಮುದುಕಿನ್ನ ನಗಪಾಟಲು ಮಾಡೀನಿ."

"ಹಂಗಾದ್ರ ಬ್ಯಾರೆ ಲೀಡರ್ ನೋಡ್ಕೊಳ್ಳೂದು ಚಲೋ," ಎಂದ ಒಬ್ಬ ಹುಡುಗ.

"ನೋಡ್ಕೊಳ್ರಿ. ಶನಿವಾರದಿಂದ ನೋಡ್ಕೊಳ್ರಿ. ಶುಕ್ರವಾರದ ಸಭಾ ಮಾತ್ರ ನಾನ ನಡಸ್ತೀನಿ."

ಪಾಸ್ಟರ್ ಧೋತರ ಕೊಡವಿಕೊಂಡು ಎದ್ದು, "ನಾನೂ ಬರ್ತೀನಿ," ಎಂದರು. ಅದು ಬೆಂಬಲವೋ ಕಾವಲೋ ಅವಳಿಗೆ ತಿಳಿಯಲಿಲ್ಲ.

ಶುಕ್ರವಾರ ಕೋಣೆ ಕಿಕ್ಕಿರಿದಿತ್ತು. ಮತ್ತೊಂದು ಗಿರಣಿ ಜೋಕು ಸಿಗುತ್ತದೆಂದು ಬಂದವರೇ ಹೆಚ್ಚು. ಮುಂದಿನ ಸಾಲಿನಲ್ಲಿ ಪಾಸ್ಟರ್. ಅವರ ಪಕ್ಕದಲ್ಲಿ, ಬರುವುದಿಲ್ಲ ಎಂದಿದ್ದ ತಾಯಕ್ಕ, ಮುಖ ಗಂಟು ಹಾಕಿಕೊಂಡು. ದೇವಿಕಾ ಪ್ರಾರ್ಥನೆ ಮುಗಿಸಿ ಬಾಯಿ ತೆರೆಯುವಷ್ಟರಲ್ಲಿ ಹೊರಗೆ ಬಸ್ಸಿನ ಹಾರ್ನ್ ಕೇಳಿಸಿತು. ಎರಡನೇ ಶಿಫ್ಟಿನವರನ್ನು ಕರೆತರಲು ಹೊರಟಿದ್ದ ಕಂಪನಿಯ ಖಾಲಿ ಬಸ್ಸು ಕಾಲೇಜಿನ ಗೇಟಿನ ಮುಂದೆ ನಿಂತಿತ್ತು. ಗಾಳೆಪ್ಪ ತನ್ನ ತಾಯಿಯ ರಟ್ಟೆ ಹಿಡಿದು ಮೆಟ್ಟಿಲು ಹತ್ತಿಸಿ, ಕೊನೆಯ ಬೆಂಚಿನ ಹುಡುಗರಿಗೆ, "ಸ್ವಲ್ಪ ಸರೀರಪಾ," ಎಂದು ಕೂರಿಸಿ, ಡ್ಯೂಟಿಗೆ ಹೊತ್ತಾಯಿತೆಂದು ಓಡಿದ. ದುರುಗವ್ವ ಬೆಂಚಿನ ಮೇಲೆ ಕಾಲು ಮಡಚಿ ಕೂತಳು.

ದೇವಿಕಾ ಕೊನೆಯ ಬೆಂಚಿನ ಕಡೆ ನೋಡಿ ಮಾತು ಶುರು ಮಾಡಿದಳು.

"ಹೋದ ಸಲ ಇಲ್ಲಿ ಒಂದು ಪ್ರಶ್ನಿ ಬಂತು. ನಾನು ಉತ್ತರ ಕೊಡಲಿಲ್ಲ, ನಗಿಸಿದೆ. ಯಾರನ್ನ ಇಟ್ಕೊಂಡು ನಗಿಸಿದ್ನೋ ಆಕಿ ನಮ್ಮಜ್ಜಿ. ಆಕಿ ಹರಕಿನ್ನ ನಾನು ಹೊರಂಗಿಲ್ಲ, ಆಕಿ ದೇವ್ರನ್ನ ನಾನು ಪೂಜಿಸಂಗಿಲ್ಲ. ಅದು ಆಕಿಗೂ ಗೊತ್ತೈತಿ. ಆದ್ರ ನಾನು ಬದುಕಲಿ ಅಂತ ಆಕಿ ಇವತ್ತಿಗೂ ಕಂಡವರ ಬಾಗಲದಾಗ ನಿಲ್ತಾಳ. ಅದನ್ನ ನಗೆ ಮಾಡಿದ್ದು ನನ್ನ ತಪ್ಪು. ಆ ಜ್ವರ ಯಾರ ದೇವ್ರ ಪರವಾಗಿಯೂ ಪುರಾವೆ ಅಲ್ಲ. ಅದನ್ನ ನಾನು ಇನ್ನ ವಾದಕ್ಕ ತರಂಗಿಲ್ಲ."

ಯಾರೂ ನಗಲಿಲ್ಲ. ತಾಯಕ್ಕ ತಲೆ ತಗ್ಗಿಸಿದಳು. ಸಿದ್ದಲಿಂಗೇಶ್ ಕೈ ಎತ್ತಿ ಎದ್ದ. "ಒಪ್ಪಿದೆ. ಹಂಗಾದ್ರ ನಿನ್ನ ನಂಬಿಕಿಗೆ ಆಧಾರ ಏನು? ಜ್ವರಾನೂ ಬಿಟ್ಟಿ. ಇನ್ನೇನು ಉಳೀತು?"

ಅವಳು ಉತ್ತರಿಸುವ ಮೊದಲೇ ಹಿಂದಿನ ಬೆಂಚಿನಿಂದ ದನಿ ಬಂತು.

"ಇಲ್ಲಿ ಯಾರು ಬೇಕಾದ್ರೂ ಕೇಳಬಹುದಂತಲ್ಲ. ನಂದೂ ಒಂದು ಐತಿ."

ಎಲ್ಲರೂ ತಿರುಗಿದರು. ದುರುಗವ್ವ ಕೂತಲ್ಲಿಂದಲೇ ಕೇಳಿದಳು.

"ಹೋದ ವರ್ಷ ಕಂಪ್ಲ್ಯಾಗ ನನ್ನ ಹಿರೇಮಗ ಎರ್ರಿಯಪ್ಪ ತೀರಿದಾಗ ನೀನೂ ನಿಮ್ಮವ್ವನೂ ಮಸಣದ ಗೇಟಿನ ಹೊರಗ ನಿಂತ್ರಿ. ನಮ್ಮ ಚರ್ಚಿನವ್ರು ಬ್ಯಾಡ ಅಂತಾರ ಅಂದ್ರಿ. ಮಣ್ಣು ಹಾಕಲಿಲ್ಲ. ನನಗ ದೇವ್ರ ವಾದ ತಿಳಿಯಂಗಿಲ್ಲ. ನಾ ಸತ್ತಾಗ ನೀ ಎಲ್ಲಿ ನಿಲ್ತಿ? ಗೇಟಿನ ಹೊರಗೋ, ನನ್ನ ಹತ್ರಾನೋ?"

ಪಾಸ್ಟರ್ ಜಂಬಪ್ಪ ತಲೆ ಎತ್ತಿ ದೇವಿಕಾಳನ್ನು ನೋಡಿದರು. ಆ ನಿಯಮ ಚರ್ಚಿನ ಹಿರಿಯರದು, ಅದಕ್ಕೆ ಹೂಂಗುಟ್ಟಿದವರಲ್ಲಿ ಅವರೂ ಒಬ್ಬರು. ಈ ಮಾತಿಗೆ ಏನು ಹೇಳಿದರೂ ಒಂದು ಮನೆ ಮುರಿಯುತ್ತದೆ ಎಂದು ದೇವಿಕಾಳಿಗೆ ಗೊತ್ತಿತ್ತು. ಅವಳು ಕೋಣೆಯ ನಡುವೆ ಹಾದು ಅಜ್ಜಿಯ ಬೆಂಚಿನ ತನಕ ಹೋದಳು.

"ನಿನ್ನ ಹತ್ರ ನಿಲ್ತೀನಜ್ಜಿ. ನಾನು ನಂಬಿದ ಯೇಸು, ಗೆಳೆಯ ಸತ್ತಾಗ ಸಮಾಧಿ ಮುಂದ ನಿಂತು ಎಲ್ಲಾರ ಎದುರಿಗೆ ಅತ್ತಾನ. ಹೊರಗ ನಿಂತಿಲ್ಲ. ನಾನೂ ನಿಲ್ಲಂಗಿಲ್ಲ. ಪೂಜಿಗೆ ಕೈ ಮುಗಿಯಂಗಿಲ್ಲ, ಅದನ್ನ ಈಗ ಹೇಳಿರ್ತೀನಿ. ಆದ್ರ ನಿನ್ನ ಮಣ್ಣು ನಾನು ಹಾಕ್ತೀನಿ. ನನ್ನ ಈ ಕೈಲಿ ಹಾಕ್ತೀನಿ."

"ನಿಮ್ಮ ಹಿರೇರು ಬ್ಯಾಡ ಅಂದ್ರ?"

"ಅಂದ್ರೂ ಹಾಕ್ತೀನಿ."

ಹೇಳಿ ಮುಗಿಸುವಷ್ಟರಲ್ಲಿ ಅವಳಿಗೆ ದುಃಖ ಒತ್ತರಿಸಿ ಬಂತು. ನಾಯಕಿ ಎನ್ನುವುದನ್ನು ಮರೆತು, ಮುಷ್ಟಿಯಿಂದ ಬಾಯಿ ಒತ್ತಿಕೊಂಡು ಅತ್ತಳು. ಮುಂದಿನ ಸಾಲಿನಲ್ಲಿ ತಾಯಕ್ಕನೂ ಸೆರಗು ಮುಖಕ್ಕೆ ತಂದಳು.

ದುರುಗವ್ವ ಮೊಮ್ಮಗಳ ಮೊಣಕೈಗೆ ಒಂದು ಏಟು ಹಾಕಿದಳು. "ಯಾಕಳ್ತಿ? ನಾನಿನ್ನೂ ಸತ್ತಿಲ್ಲ, ಸಾಯಾಕ ಪುರಸೊತ್ತೂ ಇಲ್ಲ!"

ಕೋಣೆ ತುಂಬ ನಗು ಎದ್ದಿತು. ಈ ಸಲ ನಗಿಸಿದವಳು ಅಜ್ಜಿಯೇ. ನಗು ಇಳಿಯುವ ತನಕ ಕಾದು, ಮುದುಕಿ ಗದ್ದ ಎತ್ತಿ ಸಿದ್ದಲಿಂಗೇಶನ ಕಡೆ ತೋರಿಸಿದಳು.

"ಆ ಹುಡುಗ ಕೈ ಎತ್ಕೊಂಡು ಇನ್ನೂ ನಿಂತಾನ ನೋಡು. ಅವಗ ಉತ್ತರ ಹೇಳು. ನನಗೂ ಕೇಳೂದೈತಿ."